ಎಡಗಡೆಯ ತಂತಿ

ಮೂರು ಪೌಂಡಿಗೆ ಸಿಕ್ಕಿತು.
ಗ್ರಿಮ್ಸ್‌ಬಿಯ ಕಸದಂಗಳದಲ್ಲಿ ಕ್ಲೈವ್ ಅದನ್ನು
ಹಳೇ ಹಾಸಿಗೆಗಳ ಮೇಲೆ ಮಲಗಿಸಿಟ್ಟಿದ್ದ,
ನೆನೆಯದಿರಲೆಂದು ಬಚ್ಚಲಿನ ಪರದೆ ಹೊದಿಸಿ.
"ಹೇಝಲ್, ನಿನಗೊಂದು ಪೇಷಂಟು" ಅಂದ.

ರೆಕಾರ್ಡ್ ಪ್ಲೇಯರು, ರೇಡಿಯೋ, ಕ್ಯಾಸೆಟ್ಟು
ಮೂರೂ ಒಂದೇ ಮರದ ಹೊಟ್ಟೆಯಲ್ಲಿ,
ಕೂಡುಕುಟುಂಬದ ಹಾಗೆ:
ಒಂದಕ್ಕೆ ಜ್ವರ ಬಂದರೆ ಉಳಿದೆರಡಕ್ಕೂ ಪಥ್ಯ.

ಅಡುಗೆಮನೆಯ ಮೇಜಿನ ಮೇಲೆ ಹದಿನಾಲ್ಕು ಸ್ಕ್ರೂ ಬಿಚ್ಚಿದೆ.
ಬೆಲ್ಟು ಕರಗಿ ಡಾಂಬರಾಗಿತ್ತು,
ಬೆರಳಿಗಂಟಿದ್ದು ಎರಡು ದಿನ ಬಿಡಲಿಲ್ಲ,
ಬ್ರೆಡ್ಡಿನ ಮೇಲೂ ನನ್ನದೇ ಕಪ್ಪು ಹೆಬ್ಬೆಟ್ಟು.
ಒಳಗೆ ಒಂದು ಹೇರ್‌ಪಿನ್ನು, ಅರ್ಧ ಪೆನ್ನಿ,
ಸಿಗರೇಟಿನ ಹೊಗೆ ಕುಡಿದು ಜಿಗುಟಾದ ಧೂಳು.

ಹಡಗಿನ ರೇಡಿಯೋಗಳ ಶೆಡ್ಡಿನಲ್ಲಿ
ಇಪ್ಪತ್ತು ವರ್ಷ ಬೆಸುಗೆ ಹಾಕಿದವಳು ನಾನು.
ಮೊದಲು ಮೂಗಿಡು, ಆಮೇಲೆ ಮೀಟರಿಡು,
ಅಲ್ಲಿ ಕಲಿತದ್ದು ಅಷ್ಟೆ.
ಸೋರಿದ ಕೆಪಾಸಿಟರು ಹಳಸಿದ ಮೀನಿನಂತೆ ನಾರುತ್ತದೆ;
ಈ ಊರಿನಲ್ಲಿ ಆ ವಿದ್ಯೆ ಅಷ್ಟೇನೂ ಉಪಯೋಗವಿಲ್ಲ.

ಬಲಗಡೆ ಹಾಡಿತು.
ಎಡಗಡೆ ಮೂರು ವಾರ ಉಸಿರೆತ್ತಲಿಲ್ಲ.
ಟ್ರಾನ್ಸಿಸ್ಟರು ಬದಲಿಸಿದೆ, ಗುಂಡಿಗಳನ್ನು ತೊಳೆದೆ,
ಬೈದೆ, ಬೇಡಿಕೊಂಡೆ.
ಮೊದಲೇ ನೋಡಬೇಕಾದ್ದನ್ನು ಕೊನೆಗೆ ನೋಡಿದೆ,
ಅನುಭವದ ಸೊಕ್ಕು, ಮತ್ತೇನು.

ಸ್ಪೀಕರಿನ ಹಿಂದಿನ ಹಲಗೆ ತೆಗೆದರೆ
ತಂತಿ ತುಂಡಾಗಿದೆ.
ಹರಿದದ್ದಲ್ಲ, ಕತ್ತರಿಸಿದ್ದು.
ಕತ್ತರಿಯ ಒಂದೇ ಕಡಿತ,
ಎರಡೂ ತುದಿಗೆ ಬೆರಳ ಗಾಯಕ್ಕೆ ಸುತ್ತುವ
ಗುಲಾಬಿ ಪ್ಲಾಸ್ಟರು, ಜೋಪಾನವಾಗಿ.

ಪೆಟ್ಟಿಗೆಯ ತಳದಲ್ಲಿ ಬಾಡಿಗೆ ಅಂಗಡಿಯ ಚೀಟಿ:
ಈನಿಡ್ ಸ್ಕ್ರಿಮ್‌ಶಾ, ನಲವತ್ತೊಂದು, ಹೆರಿಂಗ್ ಬೀದಿ.
ಹೋದೆ. ಯಾಕೆ ಹೋದೆನೆಂದು ಕೇಳಬೇಡಿ.
ನಲವತ್ತೊಂದರಲ್ಲಿ ಹೊಸಬರು, ಹೆಸರೇ ಕೇಳಿಲ್ಲ.
ನಲವತ್ಮೂರರ ಬಾಗಿಲು ತೆರೆದದ್ದು ಸಿರಿಲ್ ಮಂಬಿ, ಎಂಬತ್ತೇಳು.
"ಈನಿಡ್? ಮೀನಿನ ಫ್ಯಾಕ್ಟರಿಯಲ್ಲಿ ಚಾಕು ಹಿಡಿಯುವ ಕೆಲಸ.
ಹತ್ತು ಬೆರಳಲ್ಲಿ ಆರಕ್ಕೆ ಸದಾ ಪ್ಲಾಸ್ಟರು."

ಅವನು ಆಗ ಬಂದರಿನ ಹಮಾಲಿ,
ನಡುರಾತ್ರಿಯಿಂದ ಬೆಳಗಿನವರೆಗೆ ಕಾಡ್ ಮೀನಿನ ಬುಟ್ಟಿ ಹೊತ್ತು
ಹಗಲಿಗೆ ಮಲಗುವವನು.
ಅವನ ತಲೆದಿಂಬಿಗೂ ಅವಳ ಎಡ ಸ್ಪೀಕರಿಗೂ ನಡುವೆ
ಒಂದೇ ಇಟ್ಟಿಗೆಯ ಗೋಡೆ.

ಗೋಡೆಗೂ ಕಿವಿಯಿದೆ ಅನ್ನುತ್ತಾರೆ.
ಗೋಡೆಗೆ ನಿದ್ದೆಯೂ ಬೇಕೆಂದುಕೊಂಡವಳು ಅವಳೊಬ್ಬಳೇ.

ಬೆಂಕಿಪೆಟ್ಟಿಗೆಯಲ್ಲಿ ತಂದಿದ್ದ ಪ್ಲಾಸ್ಟರು ತೋರಿಸಿದೆ.
ಅವನು ಬಹಳ ಹೊತ್ತು ನೋಡಿದ.
"ನಾನು ಯಾವತ್ತೂ ದೂರು ಹೇಳಿರಲಿಲ್ಲ.
ಒಂದು ಬೆಳಿಗ್ಗೆ ಸದ್ದು ನಿಂತೇಹೋಯಿತು.
ನನ್ನ ಮೇಲೆ ಮುನಿಸೇನೋ ಅಂದುಕೊಂಡೆ.
ಆ ಸದ್ದಿಲ್ಲದೆ
ಎಷ್ಟೋ ದಿನ ನನಗೆ ನಿದ್ದೆಯೇ ಹತ್ತಲಿಲ್ಲ."

"ಕೇಳಲಿಲ್ಲವೇ ಅವಳನ್ನು?"
"ಏನಂತ ಕೇಳುವುದು?
ನಿಮ್ಮ ಹಾಡಿಲ್ಲದೆ ನಿದ್ದೆ ಬರುತ್ತಿಲ್ಲ ಅಂತಲೇ?
ಆಕೆಗೆ ಗಂಡನಿದ್ದ, ನನಗೆ ಹೆಂಡತಿ."
ಟೀ ಆರಿಹೋಗಿತ್ತು, ಇಬ್ಬರೂ ಕುಡಿದೆವು.
ಬೆಂಕಿಪೆಟ್ಟಿಗೆ ಅಲ್ಲೇ ಬಿಟ್ಟು ಬಂದೆ;
ಅವನು ಅದರ ಮೇಲಿಟ್ಟ ಕೈ ತೆಗೆದಿರಲಿಲ್ಲ.

ರಾತ್ರಿ ತಂತಿಯ ತುದಿಗಳನ್ನು ಕೆರೆದು ಬೆಳಗಿಸಿ
ಬೆಸುಗೆಕೋಲು ಕಾಯಲಿಟ್ಟೆ.
ಕೂಡಿಸಿದರೆ ಅವಳ ಮಾತು ಅಳಿಸಿದಂತೆ,
ಕೂಡಿಸದಿದ್ದರೆ ಅವನ ನಿದ್ದೆ ಕೆಡಿಸಿದಂತೆ.
ಕೋಲಿನ ತುದಿ ಎರಡು ಸಲ ಕಪ್ಪಾಯಿತು, ಎರಡು ಸಲ ಒರೆಸಿದೆ.

ಕೊನೆಗೆ ನಡುವೆ ಒಂದು ಪುಟ್ಟ ಸ್ವಿಚ್ಚು ಕೂರಿಸಿದೆ.
ನಕ್ಷೆಯಲ್ಲಿಲ್ಲದ್ದು, ಹಿಂಬದಿಯಲ್ಲಿ,
ಗೋಡೆಯ ಕಡೆಗೆ ಮುಖ ಮಾಡಿ.
ಮೇಲೆತ್ತಿದರೆ ಎರಡೂ ಕಡೆ, ಕೆಳಗೊತ್ತಿದರೆ ಬಲಗಡೆ ಮಾತ್ರ.
ಹೆಸರು ಬರೆಯಲಿಲ್ಲ. ಕೊಂಡವರು ತಡಕಿ ಕಂಡುಕೊಳ್ಳಲಿ.

ಸೋಮವಾರ ಕ್ಲೈವ್ ಫೋನು ಮಾಡಿದ:
ಇನ್ನೊಂದು ಬಂದಿದೆಯಂತೆ, ಮುಚ್ಚಳವಿಲ್ಲ,
ಕ್ಯಾಸೆಟ್ಟಿನ ಬಾಯೊಳಗೆ
ಯಾರೋ ಟೋಸ್ಟಿನ ಚೂರು ತುರುಕಿದ್ದಾರೆ.